ಮುಚ್ಚಿದ ಲಕೋಟೆಯ ಉತ್ತರ

ಕಳಸದಿಂದ ಕುದುರೆಮುಖಕ್ಕೆ ಹೋಗುವ ಹಾದಿಯಲ್ಲಿ, ಕಾಫಿಯ ಸೀಮೆಯ ನಡುವೆಯೂ ಚಹಾದ ತೋಟಗಳಿಂದ ಹೆಸರಾದ ಸಂಸೆಯಲ್ಲಿ, ಆಷಾಢದ ಮಳೆಗೆ ಕರೆಂಟು ಹೋಗಿದ್ದ ಒಂದು ಮಧ್ಯಾಹ್ನ, ಪಿಯುಸಿ ಓದುತ್ತಿರುವ ನನ್ನ ಸೋದರಸೊಸೆ ದಪ್ಪನೆಯ ಇಂಗ್ಲಿಷು ಕಾದಂಬರಿಯೊಂದನ್ನು ಮುಂದಿಟ್ಟು, "ಮಾವ, ಇದನ್ನು ಓದಿ ಹೇಳಿ, ನನಗಂತೂ ಮೋಸ ಹೋದ ಹಾಗಾಯಿತು" ಎಂದಳು. ಅಮೆರಿಕದ ಜೆನ್ನಿಫರ್ ಲಿನ್ ಬಾರ್ನ್ಸ್ 2024ರಲ್ಲಿ ಪ್ರಕಟಿಸಿದ 'ದಿ ಗ್ರ್ಯಾಂಡೆಸ್ಟ್ ಗೇಮ್' ಅದು. ಓದಿ ಮುಗಿಸಿದೆನೆಂಬುದು ನಿಜ. ಆದರೆ ನನ್ನನ್ನು ಈಗಲೂ ಕಾಡುತ್ತಿರುವುದು ಆ ಗ್ರಂಥವಲ್ಲ, ಆಕೆಯ ಮಾತನ್ನು ಕೇಳಿ ನಗುತ್ತ ಎದ್ದುಹೋದ ಭಾವನವರು ಅಟ್ಟದ ಟ್ರಂಕಿನಿಂದ ತೆಗೆದು ತಂದ, ಗೆದ್ದಲು ಅಂಚು ತಿಂದಿದ್ದ ಒಂದು ನೋಟುಬುಕ್ಕು.

ಭಾವನವರ ತೀರ್ಥರೂಪರು ಐವತ್ತರ ದಶಕದಲ್ಲಿ ಕಾಫಿ ಎಸ್ಟೇಟೊಂದರ ರೈಟರಾಗಿದ್ದವರು. ಹಗಲೆಲ್ಲ ಆಳುಗಳ ಚೆಕ್‌ರೋಲ್ ಬರೆದ ಅದೇ ದುಂಡನೆಯ ಅಕ್ಷರಗಳಲ್ಲಿ, ರಾತ್ರಿ ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ, ಪದಬಂಧ ಸ್ಪರ್ಧೆಯ ಒಂದೊಂದು ಸುಳಿವಿಗೂ ಎರಡೆರಡು ಇಂಗ್ಲಿಷು ಪದಗಳನ್ನು ಎದುರುಬದುರಾಗಿ ಬರೆದು, ಒಂದನ್ನು ಹೊಡೆದುಹಾಕಿ, ಮರುದಿನ ಮನಸ್ಸು ಬದಲಿಸಿ ಹೊಡೆದುದನ್ನೇ ಮತ್ತೆ ಬರೆದು, ಪುಟಗಳನ್ನೆಲ್ಲ ತುಂಬಿಸಿದ್ದಾರೆ. ಒಂದು ಪುಟದ ಅಂಚಿನಲ್ಲಿ, ಕನ್ನಡದಲ್ಲಿ, "ಬಂದರೆ ಮನೆಗೆ ಹೆಂಚು" ಎಂದಿದೆ. ಯಾವ ಪತ್ರಿಕೆಯ ಸ್ಪರ್ಧೆ, ಎಷ್ಟು ಬಹುಮಾನ ಎಂಬುದನ್ನು ಅವರು ಬರೆದಿಟ್ಟಿಲ್ಲ. "ಒಮ್ಮೆಯೂ ಬರಲಿಲ್ಲ, ಅಪ್ಪಯ್ಯ ಬಿಡಲೂ ಇಲ್ಲ" ಎಂದರು ಭಾವ.

ಆ ಕಾಲದ ಇಂತಹ ಸ್ಪರ್ಧೆಗಳಲ್ಲಿ ದೇಶವಿಖ್ಯಾತವಾದುದೊಂದು ನಮ್ಮ ಬೆಂಗಳೂರಿನಿಂದಲೇ ಹೊರಡುತ್ತಿತ್ತೆಂಬುದನ್ನು ಇಂದಿನವರು ಮರೆತಿದ್ದಾರೆ. ಆರ್.ಎಂ.ಡಿ. ಚಮಾರಬಾಗವಾಲಾ ಅವರ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಇಲ್ಲಿ ಮುದ್ರಿತವಾಗಿ ಮುಂಬಯಿ ಪ್ರಾಂತದಲ್ಲಿ ವಿಪುಲವಾಗಿ ಹಂಚಿಕೆಯಾಗುತ್ತಿತ್ತು. ಅದರ ಪದಬಂಧಕ್ಕೆ ಅಲ್ಲಿಂದ ಪ್ರವೇಶಪತ್ರಗಳನ್ನೂ ಶುಲ್ಕವನ್ನೂ ಸಂಗ್ರಹಿಸಲು ಜನರಿದ್ದರು. ಮುಂಬಯಿಯ 1948ರ ಕಾನೂನು ಹೊರಪ್ರಾಂತದ ಪತ್ರಿಕೆಗಳನ್ನು ಮುಟ್ಟುತ್ತಿರಲಿಲ್ಲವಾದುದರಿಂದ 1952ರಲ್ಲಿ ಅದನ್ನು ತಿದ್ದಿ ತೆರಿಗೆ ಹೇರಲಾಗಿ, ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಏರಿತು. ಈ ನಡುವೆ ಸಂಸತ್ತು 1955ರಲ್ಲಿ ಬಹುಮಾನ ಸ್ಪರ್ಧೆಗಳ ಕಾಯಿದೆಯನ್ನು ತಂದು, ತಿಂಗಳೊಂದಕ್ಕೆ ಒಟ್ಟು ಬಹುಮಾನ 1,000 ರೂಪಾಯಿಯನ್ನೂ ಸ್ಪರ್ಧೆಯೊಂದಕ್ಕೆ ಪ್ರವೇಶಪತ್ರಗಳು 2,000ವನ್ನೂ ಮೀರಬಾರದೆಂದು ವಿಧಿಸಿತ್ತು. 1957ರ ಏಪ್ರಿಲ್ 9ರಂದು ಎರಡು ತೀರ್ಪುಗಳು ಬಂದು, ಎರಡರಲ್ಲಿಯೂ ಚಮಾರಬಾಗವಾಲಾ ಸೋತರು.

ಮುಖ್ಯ ನ್ಯಾಯಮೂರ್ತಿ ಸುಧಿರಂಜನ ದಾಸರು ಬರೆದ ತೀರ್ಪನ್ನು ನಾನು ಸಾಹಿತ್ಯವೆಂದೇ ಓದಿದೆನು. ತೆರಿಗೆಯ ಶುಷ್ಕ ವಿಚಾರದ ನಡುವೆ ಆ ಮಹನೀಯರು ಒಮ್ಮೆಲೇ ಋಗ್ವೇದದ ಜೂಜುಗಾರನ ಸೂಕ್ತಕ್ಕೆ ಹೋಗಿ, ಅಲ್ಲಿಂದ ರಾಜ್ಯವನ್ನು ಪಣಕ್ಕಿಟ್ಟ ಪಾಂಡವರಿಗೆ ಇಳಿದು, ದ್ಯೂತವನ್ನು ಸಂಪೂರ್ಣ ನಿಷೇಧಿಸಿದ ಮನುವನ್ನೂ, ಅದನ್ನು ರಾಜ್ಯದ ಹತೋಟಿಗೆ ತರಬೇಕೆಂದ ಯಾಜ್ಞವಲ್ಕ್ಯನನ್ನೂ, ಕೌಟಿಲ್ಯನನ್ನೂ ಒಬ್ಬೊಬ್ಬರನ್ನಾಗಿ ಸಾಕ್ಷಿಗೆ ಕರೆಯುತ್ತಾರೆ. ಸಭಾಪರ್ವಕ್ಕೆ ಇಷ್ಟು ದೊಡ್ಡ ಪರಿವಾರವೇಕೆ, ಮಲೆನಾಡಿನ ಮಳೆಗಾಲದ ತಾಳಮದ್ದಲೆಯಲ್ಲಿ ಶಕುನಿಯ ಅರ್ಥ ಹೇಳುವವನೊಬ್ಬನಿದ್ದರೆ ಸಾಕಿತ್ತಲ್ಲವೇ ಎಂದು ನನಗನ್ನಿಸಿತು. ಏಕೆಂದರೆ ದಾಳಗಳು ಯಾರ ಕೈಯಲ್ಲಿವೆಯೆಂಬುದೇ ಇಲ್ಲಿಯೂ ಪ್ರಶ್ನೆಯಾಗಿತ್ತು. ಸುಳಿವಿಗೆ ಎರಡು ಪದಗಳು ಸರಿಸಮನಾಗಿ ಹೊಂದುತ್ತವೆ. ಸಂಘಟಕರು ಅವುಗಳಲ್ಲೊಂದನ್ನು ಮೊದಲೇ ಆರಿಸಿ ಮೊಹರು ಮಾಡಿಟ್ಟಿರುತ್ತಾರೆ. ಸ್ಪರ್ಧಿಯ ಉತ್ತರ ಯುಕ್ತವೇ ಎಂದು ನೋಡುವುದಿಲ್ಲ, ಮೊಹರಿನೊಳಗಿನ ಉತ್ತರದೊಡನೆ ತಾಳೆಯಾಗುವುದೇ ಎಂದು ಮಾತ್ರ ನೋಡುತ್ತಾರೆ. ಇದು ಕೌಶಲವಲ್ಲ, ಜೂಜು ಎಂದಿತು ನ್ಯಾಯಾಲಯ. ರೈಟರು ಹೊಡೆದು ಮತ್ತೆ ಬರೆದ ಪದಗಳ ಸಂಕಟಕ್ಕೆ ಇದಕ್ಕಿಂತ ಸರಿಯಾದ ಭಾಷ್ಯ ನನಗೆ ದೊರೆತಿಲ್ಲ.

ಇನ್ನು ಕಾದಂಬರಿಯ ಮಾತು. ಒಂದು ದ್ವೀಪ, ಕೋಟಿ ಲೆಕ್ಕದ ಡಾಲರು ಬಹುಮಾನ, ಟಿಕೆಟ್ಟು ದೊರೆತ ಏಳು ಸ್ಪರ್ಧಿಗಳು, ಬೀಗ ಹಾಕಿದ ಕೋಣೆಗಳು: ಸಾಮಗ್ರಿಗೆ ಕೊರತೆಯಿಲ್ಲ. ಆದರೆ ಲೇಖಕಿಯು ಒಗಟಿನ ವಸ್ತುವನ್ನು ನಮ್ಮ ಕಣ್ಣಿಗೆ ತೋರಿಸುವಷ್ಟರಲ್ಲಿ ಪಾತ್ರಕ್ಕೆ ಉತ್ತರ ಹೊಳೆದುಬಿಟ್ಟಿರುತ್ತದೆ. ಹೊಳೆಯಲು ಬೇಕಾದ ಸಂಗತಿ ಪಾತ್ರದ ತಲೆಯಲ್ಲಿತ್ತೇ ಹೊರತು ಪುಟದ ಮೇಲಿರಲಿಲ್ಲ. ಓದುಗನು ಊಹಿಸಬಹುದು, ಬಿಡಿಸಲಾರನು. ಒಗಟಿಗೆ ಮೀಸಲಾಗಬೇಕಿದ್ದ ಪುಟಗಳನ್ನು ಯುವಕ ಯುವತಿಯರ ನಿಟ್ಟುಸಿರು ಆಕ್ರಮಿಸಿದೆ. ಮೂವರ ದೃಷ್ಟಿಯಿಂದ ಕಥೆ ಸಾಗುವುದರಿಂದ ನಿಟ್ಟುಸಿರೂ ಮೂರು ಪಾಲು. ಕಡೆಗೆ ನಾಯಕಿಯ ತಂದೆಯ ಸಾವಿನ ರಹಸ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಿನ ಸಂಪುಟವನ್ನು ಕೊಳ್ಳಿರೆಂದು ಕೈ ಚಾಚುತ್ತದೆ. ಐನೂರಕ್ಕೂ ಮಿಗಿಲಾಗಿ ಬರೆದ ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರಿಗಳನ್ನು ಬಸ್ಸಿನಲ್ಲಿ ಓದಿ ಬೆಳೆದ ನನ್ನ ತಲೆಮಾರಿಗೆ ಈ ಬಗೆಯ ಸಾಲ ಒಗ್ಗುವುದಿಲ್ಲ.

ಇದೇ ಜಾಡಿನಲ್ಲಿ ಎಲೆನ್ ರಾಸ್ಕಿನ್ 1978ರಲ್ಲಿ ಬರೆದ 'ದಿ ವೆಸ್ಟಿಂಗ್ ಗೇಮ್' ಇದೆ. ಹದಿನಾರು ಮಂದಿ ವಾರಸುದಾರರು, 20 ಕೋಟಿ ಡಾಲರಿನ ಆಸ್ತಿ, ಜೋಡಿಜೋಡಿಯಾಗಿ ಹಂಚಿದ ಪದಗಳ ಚೀಟಿಗಳು. ಆ ಚೀಟಿಗಳು ಓದುಗನ ಮುಂದೆಯೂ ತೆರೆದೇ ಇರುತ್ತವೆ, ಬುದ್ಧಿಯುಳ್ಳ ಹುಡುಗಿಯೊಬ್ಬಳು ಪೆನ್ಸಿಲು ಹಿಡಿದು ಕುಳಿತರೆ ಪಾತ್ರಗಳಿಗಿಂತ ಮೊದಲೇ ಗೆಲ್ಲಬಹುದು. ಮನೆಯಲ್ಲಿ ಒಗಟು ಪ್ರಿಯರಾದ ಮಕ್ಕಳಿರುವವರು ಹೊಸದರ ಹೊಳೆಯುವ ಹೊದಿಕೆಗೆ ಮರುಳಾಗದೆ ಈ ಹಳೆಯದನ್ನು ಕೊಂಡುಕೊಡಲಿ. ಸಂಸೆಗೆ ನಾನು ಅಂಚೆಯಲ್ಲಿ ಕಳಿಸಿದ್ದೂ ಇದನ್ನೇ.