ಬೇಡದ ಇಂಟರ್ನೆಟ್ಟಿಗೆ ತೆರುವ ಹಣ

ಪ್ರಶ್ನೆ: ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇರುವಾಗ, ವೃದ್ಧ ತಂದೆತಾಯಿಗಳ ಮೊಬೈಲುಗಳಿಗೂ ಡೇಟಾದ ಹಣ ತೆರಲೇಬೇಕೆ? – ಓದುಗರು, ವಡಾಲ

ಉತ್ತರ: ತೆರಬೇಕಾಗಿಲ್ಲ. ಮಾತಿಗೂ ಸಂದೇಶಕ್ಕೂ ಮಾತ್ರ ಮೊಬೈಲನ್ನು ಆಶ್ರಯಿಸಿದವರು ತಮಗೆ ಅನಾವಶ್ಯಕವಾದ ಇಂಟರ್ನೆಟ್ಟಿನ ಭಾರವನ್ನು ಹೊರುತ್ತಿರುವುದನ್ನು ಗಮನಿಸಿದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 2024ರ ಡಿಸೆಂಬರಿನಲ್ಲಿ, ಆ ಎರಡಕ್ಕಷ್ಟೇ ಸೀಮಿತವಾದ ಒಂದು ರೀಚಾರ್ಜ್ ವೋಚರನ್ನಾದರೂ ಪ್ರತಿಯೊಂದು ಕಂಪನಿಯೂ ಇರಿಸತಕ್ಕದ್ದೆಂದು ವಿಧಿಸಿ, ವಿಶೇಷ ದರದ ವೋಚರುಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ಹೆಚ್ಚಿಸಿತು. ಆದರೆ ಮಾತು-ಸಂದೇಶಗಳಷ್ಟೇ ಇರುವ ವೋಚರುಗಳು ಜಾಹೀರಾತಿನಲ್ಲಿ ಮೆರೆಯುವ ಸರಕಲ್ಲವಾದುದರಿಂದ, ಅಂಗಡಿಯವನು ತಾನಾಗಿ ಹೇಳುವನೆಂದು ಕಾಯದೆ ಕೇಳಿಯೇ ಪಡೆಯತಕ್ಕದ್ದು. ಇಡೀ ವರ್ಷದ ಯೋಜನೆಯನ್ನು ದಿನಕ್ಕೆ ಬೀಳುವ ವೆಚ್ಚದಿಂದ ಅಳೆದು ನೋಡಿರಿ. 28 ದಿನಗಳ ‘ತಿಂಗಳು’ ವರ್ಷಕ್ಕೆ ಹದಿಮೂರು ಬಾರಿ ಬರುತ್ತದೆಂಬುದು ವರ್ತಕರ ಪಂಚಾಂಗದ ಚಮತ್ಕಾರ!

ಕಂಪನಿಯು ಒಗ್ಗದಿದ್ದರೆ, 2011ರ ಜನವರಿಯಿಂದ ದೇಶಾದ್ಯಂತ ಜಾರಿಯಲ್ಲಿರುವ ಪೋರ್ಟಬಿಲಿಟಿಯ ಮೇರೆಗೆ, ಸಂಖ್ಯೆಯನ್ನು ಬದಲಿಸದೆಯೇ ಬೇರೊಂದನ್ನು ಸೇರಬಹುದು. ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಮೊಬೈಲ್ ಸಂಖ್ಯೆಯನ್ನು ಸೇರಿಸಿ, 1900ಕ್ಕೆ ಸಂದೇಶ ಕಳುಹುವುದು ಅದರ ಮೊದಲ ಹೆಜ್ಜೆ. ಇನ್ನು ಮನೆಯ ಬ್ರಾಡ್‌ಬ್ಯಾಂಡಿನ ದರವನ್ನು ಹೋಲಿಸುವಾಗ, ಘೋಷಿತ ಮೊತ್ತದ ಮೇಲೆ ಶೇಕಡಾ 18ರ ಜಿಎಸ್‌ಟಿಯು ಪ್ರತ್ಯೇಕವಾಗಿ ಕೂಡುವುದೇ ಎಂಬುದನ್ನೂ, ನೀವು ನೋಡದ ಚಲಚ್ಚಿತ್ರ ಸೇವೆಗಳು ಅದರಲ್ಲಿ ಅಡಗಿವೆಯೇ ಎಂಬುದನ್ನೂ ವಿಚಾರಿಸಿರಿ.