ಬಿಳಿಯ ಕಣಗಳ ಖಾನೇಷುಮಾರಿ

ಆಜರಾದಿಂದ ಗಡಹಿಂಗ್ಲಜಕ್ಕೋ ಕೊಲ್ಲಾಪುರಕ್ಕೋ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದವರಿಗೆ ವೈದ್ಯರು ‘ಪಾಂಢರ್ಯಾ ಪೇಶಿ’ ಕಡಿಮೆಯಾಗಿವೆ ಎಂದೋ ಹೆಚ್ಚಾಗಿವೆ ಎಂದೋ ಹೇಳುವುದುಂಟು. ಬಿಳಿಯ ರಕ್ತಕಣಗಳೆಂದು ನಾವು ಕನ್ನಡದಲ್ಲಿ ತಿಳಿದುಕೊಳ್ಳುತ್ತೇವೆ; ಯಾವ ಬಗೆಯ ಬಿಳಿಯ ಕಣವೆಂದು ಕೇಳುವುದಿಲ್ಲ. ಆಮವಾತ, ಲೂಪಸ್ ಮೊದಲಾದ ವ್ಯಾಧಿಗಳಲ್ಲಿ ಕೇಳಬೇಕಾದ ಪ್ರಶ್ನೆ ಅದೇ.

ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ಕಣಗಳು ಈ ವ್ಯಾಧಿಗಳಲ್ಲಿ ಸ್ವಂತ ಶರೀರದ ಮೇಲೆಯೇ ತಿರುಗಿಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯುವ ಸ್ಥಿತಿ. ವೈದ್ಯರು ರುಮಟಾಯ್ಡ್ ಎನ್ನುವ ಆಮವಾತದಲ್ಲಿ ಕೀಲುಗಳು ಬಾತುಕೊಳ್ಳುತ್ತವೆ. ಲೂಪಸ್ ಚರ್ಮದಿಂದ ಮೂತ್ರಪಿಂಡದವರೆಗೂ ಬಾಧಿಸಬಲ್ಲುದು. ಇವು ಪಟ್ಟಣಿಗರ ರೋಗಗಳೆಂಬ ಮಾತು ಸುಳ್ಳು. 1996ರಲ್ಲಿ ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ ಮನೆಮನೆಯ ಸಮೀಕ್ಷೆ ನಡೆಸಿದಾಗ ಸುಮಾರು 200 ವಯಸ್ಕರಿಗೆ ಒಬ್ಬರಂತೆ ಆಮವಾತ ಕಂಡುಬಂದಿತು.

ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಬಿಳಿಯ ಕಣಗಳು ಸುಮಾರು 4,000ದಿಂದ 11,000ದವರೆಗೆ ಇರುತ್ತವೆ. ಅವಕ್ಕೆ ಬಣ್ಣ ಹಾಕಿ ಬಗೆಗಳನ್ನು ಬೇರ್ಪಡಿಸುವ ದಾರಿಯನ್ನು 19ನೆಯ ಶತಮಾನದ ಕೊನೆಯಲ್ಲಿ ತೋರಿದವನು ಜರ್ಮನಿಯ ಪಾಲ್ ಏರ್ಲಿಖ್. ಆದರೆ ಆ ಬಣ್ಣಕ್ಕೂ ಸಿಗದ ಗುಟ್ಟೊಂದಿತ್ತು. ನೂರರಲ್ಲಿ 20ರಿಂದ 40ರಷ್ಟಿರುವ ಲಿಂಫೋಸೈಟ್ ಕಣಗಳು ನೋಟಕ್ಕೆ ಒಂದೇ ತರಹ, ಕೆಲಸದಲ್ಲಿ ಬೇರೆ ಬೇರೆ. ‘ಬಿ’ ಕಣಗಳ ಸಂತತಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ‘ಟಿ’ ಕಣಗಳಲ್ಲಿ ಕೆಲವು ಇತರ ಕಣಗಳನ್ನು ಹುರಿದುಂಬಿಸುತ್ತವೆ, ಕೆಲವು ಕೊಲ್ಲುತ್ತವೆ, ಇನ್ನು ಕೆಲವು ಕಾದಾಟವನ್ನೇ ತಡೆಯುತ್ತವೆ. ಈ ತಡೆಯುವ ಕಣಗಳನ್ನು 1995ರಲ್ಲಿ ಗುರುತಿಸಿದ ಜಪಾನಿನ ಶಿಮೋನ್ ಸಕಗುಚಿ ಅವರು ಇನ್ನಿಬ್ಬರೊಡನೆ 2025ರ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡರು.

1975ರಲ್ಲಿ ಕೇಂಬ್ರಿಜ್‌ನ ಕೋಲರ್ ಮತ್ತು ಮಿಲ್‌ಸ್ಟೈನ್ ಅವರು ಒಂದೇ ಗುರಿಯುಳ್ಳ ಪ್ರತಿಕಾಯಗಳನ್ನು ಬೇಕಾದಷ್ಟು ಪಡೆಯುವ ವಿಧಾನ ಕಂಡುಹಿಡಿದ ಮೇಲೆ, ಕಣಗಳ ಮೈಮೇಲಿನ ಗುರುತುಗಳಿಗೆ ಹೊಳೆಯುವ ಬಣ್ಣವನ್ನು ಅಂಟಿಸುವುದು ಸಾಧ್ಯವಾಯಿತು. ಕುರಿಗಳ ಬೆನ್ನಿಗೆ ಬಣ್ಣ ಬಳಿದು, ದೊಡ್ಡಿಯ ಕಿರುಬಾಗಿಲಿನಿಂದ ಒಂದೊಂದನ್ನೇ ಬಿಟ್ಟು ಎಣಿಸುವಂತೆ, ಫ್ಲೋ ಸೈಟೋಮೀಟರ್ ಎಂಬ ಯಂತ್ರವು ಕಣಗಳನ್ನು ಸಾಲಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ, ಸೆಕೆಂಡಿಗೆ ಸಾವಿರಾರು ಕಣಗಳನ್ನು ಲೆಕ್ಕ ಹಾಕುತ್ತದೆ. ಸಿ.ಡಿ.4, ಸಿ.ಡಿ.8, ಸಿ.ಡಿ.19 ಎಂಬುವು ಆ ಗುರುತುಗಳ ಹೆಸರುಗಳು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. 2004ರ ಏಪ್ರಿಲ್‌ನಿಂದ ಸರಕಾರವು ಎಚ್.ಐ.ವಿ. ಬಾಧಿತರಿಗೆ ಉಚಿತ ಔಷಧ ಕೊಡತೊಡಗಿದ ಮೇಲೆ ‘ಸಿ.ಡಿ.4’ ಎಂಬ ಹೆಸರು ನಮ್ಮ ಗಡಿ ಸೀಮೆಯಲ್ಲಿಯೂ ಕಿವಿಗೆ ಬೀಳತೊಡಗಿತು. ಲೂಪಸ್ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಸ್ತ್ರೀಯರಿಗೇ ಬರುವ ವ್ಯಾಧಿ, ಅದೂ ಹೆಚ್ಚಾಗಿ ಹರೆಯದಲ್ಲಿ. ಅಂಥ ಸೊಸೆಯ ಕಾಗದದಲ್ಲಿ ಈ ಅಕ್ಷರಗಳನ್ನು ಕಂಡು ಮನೆಯಲ್ಲಿ ಪಿಸುಮಾತು ಎದ್ದರೆ, ಅವಳನ್ನು ತವರಿಗೆ ಕಳಿಸುವ ಮಾತು ಬಂದರೆ, ಅದು ಘೋರ ಅನ್ಯಾಯ. ಎಣಿಸುವ ಯಂತ್ರ ಒಂದೇ, ರೋಗ ಬೇರೆ. ಲೂಪಸ್ ಅಂಟುಜಾಡ್ಯವಲ್ಲ. (ಎಚ್.ಐ.ವಿ. ಇದ್ದವರನ್ನು ದೂರವಿಡುವುದೂ ನ್ಯಾಯವಲ್ಲವೆಂಬುದು ಬೇರೆ ಹೇಳಬೇಕಾಗಿಲ್ಲ.)

ಕಣಗಳ ಎಣಿಕೆಯೊಂದರಿಂದಲೇ ರೋಗನಿರ್ಣಯವಾಗದು. ಲೂಪಸ್ಸನ್ನು ಗುರುತಿಸಲು ಅಮೆರಿಕದ ತಜ್ಞರು 1982ರಲ್ಲಿ ರೂಪಿಸಿದ ಸೂತ್ರಗಳಲ್ಲಿ ಲಿಂಫೋಸೈಟ್‌ಗಳು 1,500ಕ್ಕಿಂತ ಕೆಳಗಿಳಿಯುವುದೂ ಒಂದು ಲಕ್ಷಣವೆನಿಸಿತ್ತು. ಆದರೆ ಎರಡು ಸಲವಾದರೂ ಹಾಗೆ ಕಾಣಬೇಕೆಂಬ ನಿಬಂಧನೆಯಿತ್ತು. ಸ್ಟೀರಾಯ್ಡ್ ಗುಳಿಗೆ ನುಂಗುತ್ತಿದ್ದರೆ ನ್ಯೂಟ್ರೋಫಿಲ್ ಕಣಗಳು ಏರಿ ಲಿಂಫೋಸೈಟ್‌ಗಳು ಇಳಿಯುತ್ತವೆ. ಆದುದರಿಂದ ಹಳ್ಳಿಯ ಮದ್ದನ್ನಾಗಲಿ ಪೇಟೆಯ ಮದ್ದನ್ನಾಗಲಿ ವೈದ್ಯರಿಂದ ಮುಚ್ಚಿಡಬಾರದು.

ಇದಕ್ಕಿಂತಲೂ ಮುಖ್ಯವಾದುದು ಮೆಥೊಟ್ರೆಕ್ಸೇಟ್ ಗುಳಿಗೆಯ ಸಂಗತಿ. ಆಮವಾತಕ್ಕೆ ಇದನ್ನು ವಾರದಲ್ಲಿ ಒಂದೇ ದಿನ ಸೇವಿಸತಕ್ಕದ್ದು. ದಿನವೂ ನುಂಗಿದರೆ ಬಿಳಿಯ ಕಣಗಳು ಕುಸಿದು ಪ್ರಾಣಕ್ಕೇ ಅಪಾಯ ಬಂದೀತು. ಚೀಟಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆಗಿರುವ ನಮ್ಮಂಥವರು ಗುಳಿಗೆಯ ವಾರ ಯಾವುದೆಂಬುದನ್ನು ಕನ್ನಡದಲ್ಲಿಯೇ ಬರೆಸಿಕೊಳ್ಳುವುದು ಮೇಲು. ನಿಯಮಿತ ಕಾಲಕ್ಕೆ ವೈದ್ಯರು ಬರೆದುಕೊಡುವ ರಕ್ತ ಪರೀಕ್ಷೆಯನ್ನು ತಪ್ಪಿಸಲೂಬಾರದು.

‘ಬಿ’ ಕಣಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಔಷಧ ಕೊಟ್ಟ ಮೇಲೆ, ಅವು ಮರಳಿ ಬಂದುವೇ ಎಂದು ತಿಳಿಯಲು ಸಿ.ಡಿ.19ರ ಎಣಿಕೆ ಮಾಡಿಸುವುದುಂಟು. ಜರ್ಮನಿಯ ಎರ್ಲಾಂಗೆನ್‌ನ ವೈದ್ಯರು ಐವರು ಲೂಪಸ್ ರೋಗಿಗಳಲ್ಲಿ, ಅವರವರದೇ ‘ಟಿ’ ಕಣಗಳನ್ನು ಮಾರ್ಪಡಿಸಿ ‘ಬಿ’ ಕಣಗಳನ್ನು ಅಳಿಸಿದ ವೃತ್ತಾಂತ 2022ರಲ್ಲಿ ಪ್ರಕಟವಾಯಿತು. ಸರಾಸರಿ 110 ದಿನಗಳಲ್ಲಿ ‘ಬಿ’ ಕಣಗಳು ಹೊಸದಾಗಿ ಹುಟ್ಟಿಬಂದವು. ಆ ವರದಿಯ ಅವಧಿಯಲ್ಲಿ ರೋಗ ಮರಳಲಿಲ್ಲ.

ಇಂಥ ಎಣಿಕೆ ಎಲ್ಲ ರೋಗಿಗಳಿಗೂ ಬೇಕಿಲ್ಲ, ಬೇಕಾದವರಿಗೆ ಪ್ರತಿ ತಿಂಗಳೂ ಬೇಕಿಲ್ಲ. ಸಾದಾ ಎಣಿಕೆ ಹತ್ತಿರದಲ್ಲಿಯೇ ಆಗುತ್ತದೆ. ಫ್ಲೋ ಸೈಟೋಮೀಟರ್ ಇರುವುದು ದೊಡ್ಡ ಊರುಗಳಲ್ಲಿ. ರಕ್ತದ ಕಣಗಳು ಸಜೀವವಾಗಿರುವಾಗಲೇ, ಸಾಮಾನ್ಯವಾಗಿ 48 ಗಂಟೆಗಳೊಳಗೆ, ಅಲ್ಲಿಗೆ ತಲುಪಬೇಕು. ಶೀತಪೆಟ್ಟಿಗೆಯಲ್ಲಿಡದೆ ಕೋಣೆಯ ಉಷ್ಣತೆಯಲ್ಲಿಯೇ ಸಾಗಿಸುವುದು ರೂಢಿ. ಶನಿವಾರ ಸಂಜೆ ರಕ್ತ ಕೊಟ್ಟರೆ ಅದು ರವಿವಾರವೆಲ್ಲ ಇಲ್ಲಿಯೇ ಉಳಿದೀತು. ಸೋಮವಾರ ಮುಂಜಾನೆ ಕೊಡುವುದು ಲೇಸು. ಹೋಗುವಾಗ ಹಿಂದಿನ ಕಾಗದಗಳನ್ನೂ ಕಟ್ಟಿಕೊಂಡು ಹೋಗಿರಿ.