ಒಂದು ನಿಮಿಷದ ಎಂಆರ್‌ಐ: ಮೆದುಳಿನ ಅಳತೆಯನ್ನು ನಂಬಬಹುದೇ?

ವಜ್ರಳ್ಳಿಯಂತಹ ಘಟ್ಟದ ಊರಿನವರಿಗೆ ಎಂಆರ್‌ಐ ಎಂದರೆ ಯಲ್ಲಾಪುರ ದಾಟಿ ಹುಬ್ಬಳ್ಳಿಯವರೆಗಿನ ಪ್ರಯಾಣ. ಹಿರಿಯರ ಮರೆವನ್ನು ಅರವತ್ತರ ಅರಳುಮರಳೆಂದು ತಳ್ಳಿಹಾಕದೆ ಅಷ್ಟು ದೂರ ಕರೆದೊಯ್ದ ಮೇಲೂ, ಅವರು ಯಂತ್ರದ ಸದ್ದಿನ ನಡುವೆ ಕದಲದೆ ಮಲಗಬೇಕು. ಕದಲಿದರೆ ಚಿತ್ರದ ಜೊತೆಗೆ ಅಳತೆಯೂ ಕೆಡುತ್ತದೆ.

ಮೆದುಳಿನ ಹೊರಪದರದ ದಪ್ಪ ಸುಮಾರು 2ರಿಂದ 4 ಮಿಲಿಮೀಟರ್ ಮಾತ್ರ. ತಲೆ ಅಲುಗಿದಾಗ ಗಣಕವು ಆ ಪದರವನ್ನು ಇದ್ದುದಕ್ಕಿಂತ ತೆಳುವೆಂದು ಅಳೆಯುತ್ತದೆ. ವೃದ್ಧರಲ್ಲಿ ಇದು ರೋಗದ ಸವಕಳಿಯಂತೆ ಕಾಣಬಹುದು. ಬೆಳೆಯುವ ಮಕ್ಕಳಲ್ಲಿ ಈ ಪದರ ಸಹಜವಾಗಿಯೇ ತೆಳುವಾಗುತ್ತ ಹೋಗುವುದರಿಂದ, ಚಡಪಡಿಸುವ ಮಗುವಿನ ಮೆದುಳು ವಯಸ್ಸಿಗೆ ಮೀರಿ ಬಲಿತಂತೆ ತೋರಬಹುದು. ಹೆಚ್ಚು ಅಲುಗುವವರೂ ಈ ಎರಡು ವಯಸ್ಸಿನವರೇ ಅಲ್ಲವೇ!

ಮೆದುಳಿನ ರಚನೆಯನ್ನು ಅಳೆಯುವ ಸಾಮಾನ್ಯ ಚಿತ್ರವೊಂದಕ್ಕೆ ಐದಾರು ನಿಮಿಷ ಬೇಕು. ಯಂತ್ರವು ಸಂಕೇತಗಳನ್ನು ಸಾಲುಸಾಲಾಗಿ ಸಂಗ್ರಹಿಸುತ್ತದೆ. ಕೆಲವು ಸಾಲುಗಳನ್ನು ಬಿಟ್ಟು, ಆ ಕೊರತೆಯನ್ನು ತಲೆಯ ಸುತ್ತಲಿನ ಹಲವು ಗ್ರಾಹಕ ಸುರುಳಿಗಳ ಮಾಹಿತಿಯಿಂದಲೂ ಗಣಿತದಿಂದಲೂ ತುಂಬುವ ವಿಧಾನಗಳಿಂದ ಇಂದು ಅದೇ ಚಿತ್ರ ಒಂದು ನಿಮಿಷದ ಆಸುಪಾಸಿನಲ್ಲಿ ಸಾಧ್ಯವಾಗಿದೆ. ಆದರೆ ಚಿತ್ರದ ನಯ ಕೊಂಚ ತಗ್ಗುತ್ತದೆ.

ಹಾಗಾದರೆ ಅಳತೆ ನಂಬಲರ್ಹವೇ? ಒಂದೇ ಅಡಿಕೆ ಚೀಲವನ್ನು ಎರಡು ಬಾರಿ ತೂಗಿದರೆ ಒಂದೇ ತೂಕ ಬರಬೇಕು; ಇಲ್ಲಿಯ ಪರೀಕ್ಷೆಯೂ ಅದೇ. ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಆರೋಗ್ಯವಂತ ವೃದ್ಧರಲ್ಲಿ ವರ್ಷಕ್ಕೆ ಶೇ. 1ರಿಂದ 1.5ರಷ್ಟು, ಆಲ್ಜೈಮರ್ ರೋಗಿಗಳಲ್ಲಿ ಶೇ. 3ರಿಂದ 5ರಷ್ಟು ಕುಗ್ಗುತ್ತದೆ. ತಕ್ಕಡಿಯೇ ಶೇ. 3ರಷ್ಟು ಹೊಯ್ದಾಡಿದರೆ ಇವರಿಬ್ಬರನ್ನು ಒಂದು ವರ್ಷದಲ್ಲಿ ಬೇರ್ಪಡಿಸಲಾಗದು. ಒಂದು ನಿಮಿಷದ ಒಂದೇ ಚಿತ್ರವನ್ನು ನೆಚ್ಚಿ ಒಬ್ಬ ವ್ಯಕ್ತಿಯ ಬಗ್ಗೆ ತೀರ್ಪು ಕೊಡುವುದು ನಮಗೆ ಒಪ್ಪಿಗೆಯಿಲ್ಲ. ನಾಲ್ಕು ಬಾರಿ ತೆಗೆದು ಸರಾಸರಿ ನೋಡಿದರೆ ಆಕಸ್ಮಿಕ ದೋಷ ಅರ್ಧಕ್ಕಿಳಿಯುತ್ತದೆ. ಒಂದು ಕೆಟ್ಟರೆ ಅದನ್ನಷ್ಟೇ ಬಿಡಬಹುದು. ದೀರ್ಘ ಚಿತ್ರ ಕೆಟ್ಟರೆ ಎಲ್ಲವೂ ಹೋಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ 45 ವರ್ಷ ಮೀರಿದ ಗ್ರಾಮಸ್ಥರನ್ನು ಎಂಆರ್‌ಐ ಸಹಿತ ದೀರ್ಘಕಾಲ ಅಧ್ಯಯನ ಮಾಡುತ್ತಿದೆ. ಇಂತಹ ಅಧ್ಯಯನಗಳಲ್ಲಿ ಉಳಿದ ಪ್ರತಿ ನಿಮಿಷವೂ ಹಿರಿಯ ಜೀವಗಳಿಗೆ ನೆಮ್ಮದಿ. ಆದರೆ ನಡುವೆ ವಿಧಾನ ಬದಲಾದರೆ, ಮೆದುಳು ಬದಲಾಗದಿದ್ದರೂ ಅಂಕಿ ಬದಲಾಗುತ್ತದೆ.

ಮನೆಯವರಿಗೂ ಇದು ಅನ್ವಯಿಸುತ್ತದೆ. ಮರುಪರೀಕ್ಷೆಗೆ ಹೊರಡುವಾಗ ಹಳೆಯ ವರದಿಯೊಡನೆ ಚಿತ್ರಗಳ ಸಿ.ಡಿ.ಯನ್ನೂ ಒಯ್ಯಿರಿ, ಸಾಧ್ಯವಾದರೆ ಅದೇ ಕೇಂದ್ರದಲ್ಲಿ, ಅದೇ ವಿಧಾನದಲ್ಲಿ ತೆಗೆಯುವಂತೆ ಕೇಳಿರಿ.